ದಸರೆ ಮುಗಿದ ಮೇಲೆ ಪೈನ್–ಓಕ್ ಕಾಡಿನ ಚಾರಣ: ನಮ್ಮ ಬಯಲುಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ದಸರೆ, ದೀಪಾವಳಿ ರಜೆಯಲ್ಲಿ ಉತ್ತರಾಖಂಡಕ್ಕೆ ಹೋಗಿ ಬಂದವರ ಬಾಯಲ್ಲಿ ಒಂದೇ ಥರದ ಮಾತು. "ಹತ್ತುವಾಗ ಏನೂ ಅನ್ನಿಸಲಿಲ್ಲ, ಇಳಿಯುವಾಗ ಜಾರಿ ಬಿದ್ದೆ." "ಐದೂವರೆಗೇ ಕತ್ತಲಾಗಿಬಿಡ್ತು." "ಮೊಣಕಾಲು ಇನ್ನೂ ನೋಯ್ತಾ ಇದೆ." ಬೆಳಗಾವಿಯವರು, ಬಾಗಲಕೋಟೆಯವರು, ವಿಜಯಪುರದವರು ಎಲ್ಲರದ್ದೂ ಇದೇ ಕತೆ. ಅವರು ಹೋಗಿದ್ದು ದೊಡ್ಡ ಹಿಮಶಿಖರಕ್ಕೂ ಅಲ್ಲ. ಬೆಳಿಗ್ಗೆ ಹೊರಟು ಸಂಜೆಯೊಳಗೆ ವಾಪಸ್ ಬರಬಹುದಾದ ಕಾಡುದಾರಿ ಅದು. ಒಂದೇ ದಿನದ್ದು ಅಂತಲೇ ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ.

ಕಾಲಲ್ಲಿ ಕಸುವಿಲ್ಲ ಅಂತ ಸೋಲುವವರು ಕಡಿಮೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಅದಕ್ಕೆ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ ಕುಮಾವೂನ್ ಭಾಗದ ಅಲ್ಮೋರಾ ಹತ್ತಿರವಿರುವ ಬಿನ್ಸರ್ ವನ್ಯಜೀವಿಧಾಮವನ್ನು ಇಟ್ಟುಕೊಂಡಿದ್ದೇನೆ. ಕೆಳಗೆ ಚೀಡ್ ಪೈನ್, ಮೇಲೆ ಓಕ್, ಎರಡೂ ಒಂದೇ ದಿನದ ನಡಿಗೆಯಲ್ಲಿ ಸಿಗುತ್ತವೆ. ಅತಿ ಎತ್ತರದ ಜಾಗ ಸುಮಾರು 2,400 ಮೀಟರ್. ಗಢವಾಲ್ ಕಡೆಯ ಇದೇ ಎತ್ತರದ ಕಾಡುಗಳಿಗೂ ಈ ಕ್ರಮ ಸರಿಹೋಗುತ್ತದೆ.

## ಹಂತ 1: ತಿಂಗಳು ಆರಿಸಿ, ಟಿಕೆಟ್ ತೆಗೆಸಿ

ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮಧ್ಯದವರೆಗೆ ಒಳ್ಳೆಯ ಕಾಲ. ಮಳೆ ಹಿಂದೆ ಸರಿದಿರುತ್ತದೆ, ಗಾಳಿಯಲ್ಲಿ ದೂಳಿರುವುದಿಲ್ಲ. ಬೆಳಗಿನ ಹೊತ್ತು ತ್ರಿಶೂಲ್, ನಂದಾದೇವಿ, ಪಂಚಚೂಲಿ ಶಿಖರಗಳು ಸ್ಪಷ್ಟವಾಗಿ ಕಾಣುತ್ತವೆ.

ಅಕ್ಟೋಬರ್ ಅಂದರೆ ಮಳೆಯೇ ಇಲ್ಲ ಅಂತ ಮಾತ್ರ ತಿಳಿಯಬೇಡಿ. 2021ರ ಅಕ್ಟೋಬರ್ 18, 19ರಂದು ಕುಮಾವೂನ್‌ನಲ್ಲಿ ಸುರಿದ ಮಳೆಗೆ ಗುಡ್ಡ ಕುಸಿದು ಹತ್ತಾರು ಜನ ಸತ್ತರು. ನೈನಿತಾಲ್‌ಗೆ ಹೋಗುವ ರಸ್ತೆಗಳೇ ಮುಚ್ಚಿದ್ದವು. ಆದ್ದರಿಂದ ಒಂದು ದಿನ ಜಾಸ್ತಿ ಇಟ್ಟುಕೊಂಡೇ ಟಿಕೆಟ್ ಮಾಡಿಸಿ. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಹೊರಡಲೇಬೇಡಿ.

ರೈಲು ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಮೊದಲಿನ 120 ದಿನದ ಪದ್ಧತಿ 2024ರ ನವೆಂಬರ್‌ನಿಂದ ಇಲ್ಲ. ಬೆಳಗಾವಿಯವರಿಗೆ ವಾಸ್ಕೋದಿಂದ ಹಜರತ್ ನಿಜಾಮುದ್ದೀನ್‌ಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ ಇದೆ. ಬಾಗಲಕೋಟೆ, ವಿಜಯಪುರದವರು ಸೋಲಾಪುರಕ್ಕೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಬಹುದು. ದೆಹಲಿಯಿಂದ ರಾತ್ರಿ ರೈಲಿಗೆ ಕಾಠಗೋದಾಮ್, ಅಲ್ಲಿಂದ ಜೀಪಿನಲ್ಲಿ ಅಲ್ಮೋರಾ. ಈ ಕೊನೆಯ 90 ಕಿಲೋಮೀಟರ್ ಬರೀ ತಿರುವು. ವಾಂತಿ ಆಗುವವರು ಮುಂದಿನ ಸೀಟು ಕೇಳಿ ಕೂರಿ. ಕಾಠಗೋದಾಮ್‌ನಲ್ಲಿ ಹೊಟ್ಟೆ ತುಂಬ ಪರಾಠ ತಿಂದು ಹತ್ತಬೇಡಿ.

ಇನ್ನೊಂದು ಮಾತು. ಫೋಟೋಗಳಲ್ಲಿ ಕಾಣುವ ಕೆಂಪು, ಕಿತ್ತಳೆ ಎಲೆಯ ಓಕ್ ಕಾಡು ಬೇರೆ ದೇಶದ್ದು. ಇಲ್ಲಿನ ಬಾಂಜ್ ಓಕ್ ವರ್ಷವಿಡೀ ಹಸಿರಾಗಿರುತ್ತದೆ. ಅದರ ಹಳೆ ಎಲೆ ಉದುರುವುದು ಚಳಿಗಾಲ ಕಳೆದ ಮೇಲೆ. ಬಣ್ಣ ನೋಡಲಿಕ್ಕೇ ಹೋಗುವುದಾದರೆ ಇಲ್ಲಿಗೆ ಹೋಗಬೇಡಿ.

## ಹಂತ 2: ಊರಲ್ಲೇ ಕಾಲು ಪಳಗಿಸಿ, ಅದರಲ್ಲೂ ಇಳಿಯುವುದಕ್ಕೆ

ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿದೆ, ಬೆಳಗಾವಿ 750ರ ಆಸುಪಾಸು. ನಮ್ಮ ಕಾಲಿಗೆ ರೂಢಿ ಇರುವುದು ಸಪಾಟು ನೆಲ. ದಿನಾ ಸ್ಟೇಡಿಯಂ ಸುತ್ತುತ್ತೇನೆ, ನನಗೇನು ಅಂತ ಹೇಳುವವರೇ ಮೊಣಕಾಲು ಹಿಡಿದುಕೊಂಡು ಕೂರುವುದು. ಹತ್ತುವಾಗ ಉಸಿರಿಗೆ ಕೆಲಸ ಬೀಳುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ಹಿಡಿಯಬೇಕು. ಸಪಾಟಾದ ರಸ್ತೆಯಲ್ಲಿ ಎಷ್ಟೇ ನಡೆದರೂ ಆ ಸ್ನಾಯು ಪಳಗುವುದಿಲ್ಲ.

ಕನಿಷ್ಠ ಆರು ವಾರ ಮುಂಚೆ ಶುರು ಮಾಡಿ. ವಾರಕ್ಕೆ ಮೂರು ದಿನ ಸಾಕು. ಬೆಳಗಾವಿಯವರಿಗೆ ಯಳ್ಳೂರಿನ ರಾಜಹಂಸಗಡ ಇದೆ. ಬಾಗಲಕೋಟೆ ಕಡೆಯವರು ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ಮೇಲಿನ ಉತ್ತರದ ಕೋಟೆಯ ಮೆಟ್ಟಿಲು ಹಿಡಿಯಿರಿ. ಮೆಟ್ಟಿಲು ಸಮವಾಗಿಲ್ಲ, ಎತ್ತರ ಕಡಿಮೆ ಜಾಸ್ತಿ ಇದೆ. ನಮಗೆ ಬೇಕಾದದ್ದೂ ಅಂಥದ್ದೇ. ವಿಜಯಪುರದಲ್ಲಿ ಗುಡ್ಡ ಇಲ್ಲ. ಗೋಳಗುಮ್ಮಟದ ಮೂಲೆಯ ಗೋಪುರದೊಳಗಿನ ಮೆಟ್ಟಿಲು ಕಡಿದಾಗಿದೆ, ಒಳ್ಳೆಯ ಅಭ್ಯಾಸ ಆಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಆಮೇಲೆ ಶಾಲಾ ಮಕ್ಕಳ ಸಾಲು ಶುರುವಾಗುತ್ತದೆ. ದಿನಾ ಟಿಕೆಟ್ ಯಾರು ತೆಗೆಸುತ್ತಾರೆ ಅನ್ನುವವರಿಗೆ ಯಾವುದಾದರೂ ಮೂರು ಮಹಡಿಯ ಕಟ್ಟಡವೂ ಆದೀತು.

ಮೊದಲ ಎರಡು ವಾರ ಬರಿಗೈಯಲ್ಲಿ ಹತ್ತಿ ಇಳಿಯಿರಿ. ಮೂರನೇ ವಾರದಿಂದ ಬ್ಯಾಗಿನಲ್ಲಿ 5 ಕಿಲೋ ಜೋಳ ಹಾಕಿಕೊಳ್ಳಿ. ಇಳಿಯುವಾಗ ಓಡಬೇಡಿ, ನಿಧಾನವಾಗಿ, ಸದ್ದಾಗದ ಹಾಗೆ ಹೆಜ್ಜೆ ಇಡಿ. ದಪ್ ದಪ್ ಅಂತ ಸದ್ದು ಬಂದರೆ ಭಾರ ತಡೆಯುತ್ತಿರುವುದು ಮೊಣಕಾಲು, ತೊಡೆಯಲ್ಲ.

ಮೊಣಕಾಲಿನ ಒಳಗೆ ಚುಚ್ಚಿದಂತೆ ನೋವು, ಅಥವಾ ಮರುದಿನ ಬಾವು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ತೊಡೆ ಬಿಗಿದುಕೊಳ್ಳುವುದು ಬೇರೆ, ಕೀಲು ಬಾಯುವುದು ಬೇರೆ. ಬಿಪಿ, ಸಕ್ಕರೆ, ಹೃದಯದ ಮಾತ್ರೆ ನುಂಗುವವರು ಟಿಕೆಟ್ ತೆಗೆಸುವ ಮುಂಚೆಯೇ ಡಾಕ್ಟರನ್ನು ಕೇಳಬೇಕು.

## ಹಂತ 3: ಬ್ಯಾಗ್ ತುಂಬುವುದು

ಶೂ ವಿಷಯದಲ್ಲಿ ಜಿಪುಣತನ ಬೇಡ. ಅಡಿಭಾಗದಲ್ಲಿ ಆಳವಾದ ಹಲ್ಲು ಇರಬೇಕು. ಹಳೆ ಓಟದ ಶೂ ಅಡಿ ಸವೆದು ನುಣುಪಾಗಿರುತ್ತದೆ, ಪೈನ್ ಕಾಡಿಗೆ ಅದು ಬೇಡವೇ ಬೇಡ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಉಳಿಯಬೇಕು. ಹೊರಡುವ ಮುಂಚೆ ಮೂರು ವಾರ ಅದೇ ಶೂನಲ್ಲಿ ಮೆಟ್ಟಿಲು ಹತ್ತಿ. ಹೊಸ ಶೂ ಡಬ್ಬಿಯಿಂದ ತೆಗೆದು ನೇರ ಕಾಡಿಗೆ ಹಾಕಿಕೊಂಡು ಹೋದರೆ ಮಧ್ಯಾಹ್ನದೊಳಗೆ ಹಿಮ್ಮಡಿ ಬೊಬ್ಬೆ ಗ್ಯಾರಂಟಿ.

ಬಟ್ಟೆಯಲ್ಲಿ ನಮ್ಮವರು ಮಾಡುವ ತಪ್ಪು ಒಂದೇ. ಒಳಗೆ ಹತ್ತಿಯ ಬನಿಯನ್, ಮೇಲೆ ಒಂದು ದಪ್ಪ ಸ್ವೆಟರ್. ಹತ್ತುವಾಗ ಬೆವರಿ ಬನಿಯನ್ ತೊಯ್ಯುತ್ತದೆ, ನಿಂತ ಕೂಡಲೇ ಬೆನ್ನು ಕೊರೆಯುತ್ತದೆ. ಅದರ ಬದಲು ಬೇಗ ಒಣಗುವ ಒಳ ಅಂಗಿ, ಅದರ ಮೇಲೆ ತೆಳು ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕಿಂತ ಮೇಲೆ ಗಾಳಿ, ಮಳೆ ತಡೆಯುವ ಜಾಕೆಟ್. ಜೊತೆಗೆ ಕಿವಿ ಮುಚ್ಚುವ ಟೋಪಿ, ಕೈಗವಸು, ಒಂದು ಜೊತೆ ಹೆಚ್ಚುವರಿ ಕಾಲುಚೀಲ. ಮಂಕಿ ಟೋಪಿ ನೋಡಿ ಯಾರು ನಗುತ್ತಾರೋ ನಗಲಿ, ಕೆಲಸಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಬ್ಯಾಗಿನಲ್ಲಿ ಇರಲೇಬೇಕಾದವು:

- ಹಣೆಗೆ ಕಟ್ಟುವ ಟಾರ್ಚ್, ಹೊಸ ಸೆಲ್. ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ, ಅದು ಒಂದು ಕೈ ಕಟ್ಟಿಹಾಕುತ್ತದೆ.
- ಎರಡೂವರೆಯಿಂದ ಮೂರು ಲೀಟರ್ ನೀರು, ನೀರು ಶುದ್ಧ ಮಾಡುವ ಮಾತ್ರೆ, ಓಆರ್‌ಎಸ್
- ಸೀಟಿ, ಪವರ್ ಬ್ಯಾಂಕ್, ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡ ಫೋನ್
- ಬಟ್ಟೆಯ ಅಂಟುಪಟ್ಟಿ, ಕ್ರೇಪ್ ಬ್ಯಾಂಡೇಜ್, ನಿಮ್ಮ ದಿನನಿತ್ಯದ ಮಾತ್ರೆ
- ಊರುಗೋಲು. ಕೊಳ್ಳಬೇಕಿಲ್ಲ, ಅಲ್ಲೇ ಕೇಳಿದರೆ ಕೊಡುತ್ತಾರೆ.

ಊಟಕ್ಕೆ ನಮ್ಮ ಕಡೆಯ ತಿಂಡಿಯೇ ಸಾಕು, ದುಬಾರಿ ಎನರ್ಜಿ ಬಾರ್ ಯಾಕೆ? ಅಮೀನಗಡದ್ದೋ ಗೋಕಾಕದ್ದೋ ಕರದಂಟು ಎರಡು ತುಂಡು ತಿಂದರೆ ಒಂದು ಏರು ಆರಾಮಾಗಿ ಹತ್ತಬಹುದು. ಚಳಿಗೆ ಬೆಲ್ಲ ಗಟ್ಟಿಯಾಗುತ್ತದೆ, ಹಲ್ಲು ಜೋಪಾನ. ಕಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬ್ಯಾಗಿನ ತಳದಲ್ಲಿ ಪುಡಿ ಸಿಗುತ್ತದೆ. ಶೇಂಗಾ ಚಟ್ನಿ ಇರಲಿ, ಆದರೆ ಖಾರ ಕಮ್ಮಿ ಇರಲಿ. ಖಾರ ತಿಂದು ಮೇಲೆ ನೀರಿಗೆ ಪರದಾಡುವವರು ಬಹಳ.

## ಹಂತ 4: ತಲುಪಿದ ದಿನ ನಡೆಯಬೇಡಿ

ಎರಡು ದಿನ ರೈಲು, ಅರ್ಧ ದಿನ ಜೀಪು. ಅದಾದ ಮೇಲೆ ಅದೇ ದಿನ ಮಧ್ಯಾಹ್ನ ಕಾಡಿಗೆ ಹೊರಡುವುದು ದೊಡ್ಡ ತಪ್ಪು. ಅಲ್ಮೋರಾ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಒಂದು ರಾತ್ರಿ ಅಲ್ಲೇ ಮಲಗಿ. ನೀರು ಕುಡಿಯಿರಿ, ಸಾಯಂಕಾಲ ಪೇಟೆಯಲ್ಲಿ ಅಡ್ಡಾಡಿ.

ಸಂಜೆ ಮೂರು ಕೆಲಸ ಮುಗಿಸಿ. ಒಂದು, ವನ್ಯಜೀವಿಧಾಮದ ಗೇಟು ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ, ಪ್ರವೇಶ ಚೀಟಿ ಎಲ್ಲಿ ಅಂತ ಕೇಳಿಕೊಳ್ಳಿ. ಎರಡು, ಸ್ಥಳೀಯ ಮಾರ್ಗದರ್ಶಿಯನ್ನು ಗೊತ್ತು ಮಾಡಿ. ಮೊದಲ ಸಲ ಹೋಗುವವರಿಗೆ ಇದು ಖರ್ಚಲ್ಲ, ಅಗತ್ಯ. ಮೂರು, ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಅಂತ ಉಳಿದುಕೊಂಡ ಮನೆಯವರಿಗೆ ಬರೆದುಕೊಡಿ. "ಆರು ಗಂಟೆಗೆ ಬರದಿದ್ದರೆ ಹುಡುಕಿಸಿ" ಅಂತ ಬಾಯಿಬಿಟ್ಟು ಹೇಳಿ.

ಅಲ್ಲಿಯವರನ್ನು "ದಾಜ್ಯೂ" ಅಂತ ಕರೆಯಿರಿ. ಕುಮಾವೂನಿಯಲ್ಲಿ ಅಣ್ಣ ಅಂತ. ಹೆಂಗಸರಿಗೆ "ದೀದಿ". ಆದರೆ ದಾರಿ ಎಷ್ಟು ದೂರ ಅಂತ ಕೇಳಿದಾಗ "ಬಸ್, ಪಾಸ್ ಹೀ ಹೈ" ಅಂದರೆ ಹಿಗ್ಗಬೇಡಿ. ಅವರ ಕಾಲಿಗೆ ಹತ್ತಿರ, ನಮ್ಮ ಕಾಲಿಗೆ ಅಲ್ಲ.

## ಹಂತ 5: ಹೊರಡುವ ಹೊತ್ತು, ತಿರುಗುವ ಹೊತ್ತು

ನವೆಂಬರ್ ಮಧ್ಯದಲ್ಲಿ ಬೆಳಗಾವಿಯಲ್ಲಿ ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ. ಅಲ್ಮೋರಾದಲ್ಲಿ 5.15ರ ಸುಮಾರಿಗೇ ಮುಳುಗುತ್ತಾನೆ. ಅದು ನಮಗಿಂತ ಪೂರ್ವಕ್ಕೂ ಇದೆ, ಉತ್ತರಕ್ಕೂ ಇದೆ. ಅಂದರೆ ನಿಮ್ಮ ರೂಢಿಯ ಲೆಕ್ಕದಲ್ಲಿ 40 ನಿಮಿಷ ಹೋಯಿತು. ಗುಡ್ಡದ ಮಗ್ಗುಲಲ್ಲಿ, ದಟ್ಟ ಓಕ್ ಕೆಳಗೆ ಇನ್ನೂ ಬೇಗ ಮಬ್ಬು ಕವಿಯುತ್ತದೆ. ಚಿರತೆ ಓಡಾಡುವ ಹೊತ್ತೂ ಅದೇ.

ಬೆಳಿಗ್ಗೆ ಏಳು ಗಂಟೆಗೆ ನೀವು ದಾರಿಯ ಮೇಲಿರಬೇಕು. ಗೇಟು ತೆರೆಯುವುದು ತಡವಾದರೆ ಆ ಹೊತ್ತಿಗೆ ನೀವು ಗೇಟಿನ ಮುಂದೆ ನಿಂತಿರಿ. ಏರಿನಲ್ಲಿ ಗಂಟೆಗೆ 300 ಮೀಟರ್ ಎತ್ತರ ಗಳಿಸಿದರೆ ಬಯಲಿನವರಿಗೆ ಚೆನ್ನಾಯಿತು. 800 ಮೀಟರ್ ಏರಬೇಕಿದ್ದರೆ ಮೂರು ಗಂಟೆ ಹತ್ತುವುದಕ್ಕೆ, ಊಟ, ಫೋಟೋಗೆ ಒಂದು ಗಂಟೆ, ಇಳಿಯುವುದಕ್ಕೂ ಮೂರು ಗಂಟೆ. ಹೌದು, ಇಳಿಯುವುದಕ್ಕೂ ಅಷ್ಟೇ ಹೊತ್ತು ಹಿಡಿಯಿರಿ.

ಈಗ ವಾಪಸ್ ತಿರುಗುವ ಹೊತ್ತು ನಿಗದಿ ಮಾಡಿ. ಮಧ್ಯಾಹ್ನ 12.30 ಅಂತ ಇಟ್ಟುಕೊಳ್ಳಿ. ಎಲ್ಲೇ ಇರಲಿ, ತುದಿ ಕಣ್ಣೆದುರಿಗೇ ಕಾಣುತ್ತಿರಲಿ, ಆ ಹೊತ್ತಿಗೆ ವಾಪಸ್ ತಿರುಗಬೇಕು. ಹೊರಡುವ ಮುಂಚೆ ಗುಂಪಿನ ಎಲ್ಲರೂ ಒಪ್ಪಿಕೊಂಡಿರಬೇಕು. ಮೇಲೆ ಹೋದ ಮೇಲೆ ಚರ್ಚೆ ಶುರು ಮಾಡಿದರೆ "ಇನ್ನು ಹತ್ತೇ ನಿಮಿಷ" ಅನ್ನುವವನೇ ಗೆಲ್ಲುತ್ತಾನೆ, ಅಲ್ವಾ?

## ಹಂತ 6: ಪೈನ್ ಪಟ್ಟಿ ದಾಟುವುದು

ಕೆಳಗಿನ ದಾರಿಯಲ್ಲಿ ಮೊದಲು ಸಿಗುವುದು ಚೀಡ್. ಬಿದ್ದ ಸೂಜಿ ಎಲೆಯೊಂದನ್ನು ಎತ್ತಿ ನೋಡಿ. ಬುಡದಲ್ಲಿ ಸಣ್ಣ ಕಂದು ತೊಟ್ಟು, ಅದರಿಂದ ಗೇಣುದ್ದದ ಮೂರು ಸೂಜಿ ಒಟ್ಟಿಗೆ ಹೊರಟಿರುತ್ತವೆ. ಈ ಒಣ ಸೂಜಿಗೆ ಅಲ್ಲಿ ಪಿರೂಲ್ ಅನ್ನುತ್ತಾರೆ. ಬೇಗ ಕೊಳೆಯುವುದಿಲ್ಲ, ಪದರ ಪದರವಾಗಿ ಬಿದ್ದಿರುತ್ತದೆ. ನಿಮ್ಮನ್ನು ಬೀಳಿಸುವುದು ಇದೇ.

ಚೀಡ್ ಬಿಸಿಲು ಬೀಳುವ, ಒಣ, ದಕ್ಷಿಣ ಮಗ್ಗುಲಲ್ಲಿ ಜಾಸ್ತಿ ಬೆಳೆಯುತ್ತದೆ. ನೆರಳು ವಿರಳ, ನೀರೂ ಕಡಿಮೆ. ಆದ್ದರಿಂದ ಇಲ್ಲಿ ಜಾಕೆಟ್ ತೆಗೆದು ಬ್ಯಾಗಿಗೆ ಹಾಕಿ. ಬೆವರು ಬಂದ ಮೇಲಲ್ಲ, ಬರುವ ಮುಂಚೆ. ಮೊದಲ ಅರ್ಧ ಗಂಟೆ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಇರಲಿ. ಮಾತಾಡಿಕೊಂಡು ಹತ್ತಲು ಆಗಬೇಕು, ಮಾತಿಗೆ ಉಸಿರು ಸಾಲದಿದ್ದರೆ ವೇಗ ತಗ್ಗಿಸಿ.

ಕಾಂಡದ ಮೇಲೆ ಕೆತ್ತಿದ ಗಾಯ, ಅಂಟು ಇಳಿದ ಗುರುತು ಕಂಡರೆ ಕೈ ಊರಬೇಡಿ. ಅದು ಲೀಸಾ, ಪೈನ್ ರಾಳ. ನೀರಿಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ.

ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ಈ ಸೂಜಿಗೆ ರಾಳದಿಂದಾಗಿ ಬೆಂಕಿ ಬಹಳ ಬೇಗ ಹತ್ತುತ್ತದೆ. 2024ರ ಜೂನ್‌ನಲ್ಲಿ ಬಿನ್ಸರ್ ಕಾಡಿಗೆ ಬೆಂಕಿ ಬಿದ್ದಾಗ ಆರಿಸಲು ಹೋದ ಅರಣ್ಯ ಸಿಬ್ಬಂದಿಯೇ ಪ್ರಾಣ ಕಳೆದುಕೊಂಡರು.

## ಹಂತ 7: ಓಕ್ ಕಾಡಿಗೆ ಕಾಲಿಟ್ಟಾಗ

ಎತ್ತರ ಹೆಚ್ಚಿದಂತೆ, ಅಥವಾ ದಾರಿ ಗುಡ್ಡದ ಉತ್ತರ ಮಗ್ಗುಲಿಗೆ ತಿರುಗಿದಾಗ, ಬಾಂಜ್ ಶುರುವಾಗುತ್ತದೆ. ಎಲೆಯ ಅಂಚು ಗರಗಸದಂತೆ, ಮೇಲೆ ಕಡು ಹಸಿರು, ತಿರುಗಿಸಿದರೆ ಬೂದು ಬಿಳಿ. ಗಾಳಿ ಬೀಸಿದಾಗ ಮರವೇ ಬೆಳ್ಳಗಾದಂತೆ ಕಾಣುತ್ತದೆ. ಜೊತೆಗೆ ಬುರಾಂಸ್ ಮರಗಳೂ ಇರುತ್ತವೆ. ಅದರ ಕೆಂಪು ಹೂವಿಗೆ ಮಾತ್ರ ಇದು ಕಾಲವಲ್ಲ.

ನೆರಳಿಗೆ ಕಾಲಿಟ್ಟ ಕೂಡಲೇ ಚಳಿ ತಾಗುತ್ತದೆ. ನಿಂತು, ಬೆವರಿದ ಒಳ ಅಂಗಿ ಬದಲಿಸಿ, ಫ್ಲೀಸ್ ಹಾಕಿಕೊಳ್ಳಿ. ನವೆಂಬರ್ ಬೆಳಿಗ್ಗೆ ಇಲ್ಲಿ ಕಲ್ಲಿನ ಮೇಲೆ ಹಿಮದ ತೆಳು ಪದರ ಇರಬಹುದು. ಒದ್ದೆ ಬೇರಿನ ಮೇಲೆ ಹೆಜ್ಜೆ ಇಡಬೇಡಿ, ದಾಟಿ ಇಡಿ. ದಾರಿ ಪಕ್ಕದ ಹಸಿರು ಪೊದೆಗೆ ಸುಮ್ನೆ ಕೈ ಹಾಕಬೇಡಿ. ಬಿಚ್ಚೂ ಘಾಸ್ ಅನ್ನುವ ತುರಿಕೆ ಗಿಡ ತಾಗಿದರೆ ಗಂಟೆಗಟ್ಟಲೆ ಉರಿ.

ನೀರಿನ ಸೆಲೆ ಸಿಗುವುದು ಇಲ್ಲೇ. ಕಲ್ಲು ಕಟ್ಟಿದ ಸಣ್ಣ ನೀರಿನ ಗುಡಿಯಂಥದ್ದು ಕಂಡರೆ ಅದು ನೌಲಾ. ಊರಿನವರಿಗೆ ಅದು ಪೂಜೆಯ ಜಾಗ. ಚಪ್ಪಲಿ, ಶೂ ಹೊರಗೆ ಬಿಡಿ, ಒಳಗೆ ಕೈಕಾಲು ತೊಳೆಯಬೇಡಿ. ಬಾಟಲಿಗೆ ತುಂಬಿಕೊಂಡು ಮಾತ್ರೆ ಹಾಕಿ, ಅದರ ಮೇಲೆ ಬರೆದಷ್ಟು ಹೊತ್ತು ಕಾದು ಕುಡಿಯಿರಿ.

## ಹಂತ 8: ಇಳಿಯುವುದು

ಹೆಚ್ಚಿನವರು ಬೀಳುವುದು ಇಲ್ಲಿ. ಹೊಟ್ಟೆ ತುಂಬಿರುತ್ತದೆ, ನೋಡಬೇಕಾದದ್ದು ನೋಡಿ ಆಗಿರುತ್ತದೆ, ಗಮನ ಫೋನಿನ ಕಡೆ ಹೋಗಿರುತ್ತದೆ. ಕಾಲು ಮಾತ್ರ ದಣಿದಿರುತ್ತದೆ.

ಪಿರೂಲ್ ಒಣಗಿದೆ, ಹಾಗಾಗಿ ಜಾರುವುದಿಲ್ಲ ಅಂತ ನಂಬಬೇಡಿ. ಮಧ್ಯಾಹ್ನದ ಬಿಸಿಲಿಗೆ ಗರಿಗರಿಯಾದ ಸೂಜಿಯೇ ಜಾಸ್ತಿ ಜಾರುತ್ತದೆ. ಒಂದರ ಮೇಲೊಂದು ನುಣುಪಾದ ಸೂಜಿ, ನಿಮ್ಮ ಕಾಲಿನ ಜೊತೆ ಮೇಲಿನ ಪದರವೇ ಹೊರಟುಬಿಡುತ್ತದೆ. ಶಹಾಬಾದಿ ಫರಸಿಯ ಮೇಲೆ ಚೆಲ್ಲಿದ ಜೋಳದ ಮೇಲೆ ಕಾಲಿಟ್ಟ ಹಾಗೆ. ಶೂ ಎಷ್ಟೇ ಒಳ್ಳೆಯದಿರಲಿ, ಅದರ ಹಲ್ಲು ಹಿಡಿಯುವುದು ಸೂಜಿಯನ್ನು, ನೆಲವನ್ನಲ್ಲ.

ಇಳಿಯುವ ಮುಂಚೆ. ಶೂ ದಾರ ಬಿಚ್ಚಿ ಮತ್ತೆ ಕಟ್ಟಿ. ಪಾದದ ಗಂಟಿನ ಬಳಿ ಬಿಗಿ, ಬೆರಳಿನ ಕಡೆ ಸಡಿಲ. ಹಾಗೆ ಮಾಡದಿದ್ದರೆ ಬೆರಳು ಮುಂದಕ್ಕೆ ಹೋಗಿ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ. ಉಗುರನ್ನು ಊರಲ್ಲೇ ಕತ್ತರಿಸಿಕೊಂಡಿರಬೇಕು. ಫೋನ್ ಜೇಬಿಗೆ ಹಾಕಿ, ಜಿಪ್ ಎಳೆಯಿರಿ.

ಕೋಲು ಮೊದಲು, ಕಾಲು ಆಮೇಲೆ. ಕೋಲನ್ನು ಒಂದು ಹೆಜ್ಜೆ ಕೆಳಗೆ ಊರಿ, ಸೂಜಿ ದಾಟಿ ನೆಲಕ್ಕೆ ತಾಗಿತೇ ನೋಡಿ, ಆಮೇಲೆ ಕಾಲಿಡಿ.

ಹಿಂದಕ್ಕೆ ವಾಲಬೇಡಿ. ಭಯಕ್ಕೆ ಮೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಆಗ ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿ, ಕಾಲು ಮುಂದಕ್ಕೆ ಹಾರಿ, ಕುಂಡೆಯ ಮೇಲೆ ಬೀಳುತ್ತೀರಿ. ಮೊಣಕಾಲು ಸ್ವಲ್ಪ ಮಡಚಿ, ಭಾರ ಮುಂದಿನ ಕಾಲಿನ ಮೇಲಿರಲಿ, ಇಡೀ ಪಾದ ನೆಲಕ್ಕೆ ಕೂರಲಿ. ನೋಡಲಿಕ್ಕೆ ಚೆಂದ ಕಾಣುವುದಿಲ್ಲ. ಪರವಾಗಿಲ್ಲ.

ಪಾದ ಅಡ್ಡ, ಹೆಜ್ಜೆ ಗಿಡ್ಡ. ಕಡಿದಾದ ಕಡೆ ಪಾದವನ್ನು ಇಳಿಜಾರಿಗೆ ಅಡ್ಡವಾಗಿಡಿ. ಶೂ ಅಂಚಿನಿಂದ ಸೂಜಿ ಪದರವನ್ನು ಪಕ್ಕಕ್ಕೆ ಸರಿಸಿ, ಮಣ್ಣು ಕಂಡ ಮೇಲೆ ಭಾರ ಹಾಕಿ. ಕಲ್ಲು, ಬರಿ ಮಣ್ಣು, ಹುಲ್ಲಿನ ಬುಡ ಇವು ನಂಬಬಹುದಾದ ಜಾಗ.

ಅಡ್ಡದಾರಿ ಬೇಡ. ದಾರಿ ಹಾವಿನಂತೆ ಸುತ್ತಿ ಹೋಗುತ್ತಿದ್ದರೆ ನೀವೂ ಸುತ್ತಿಯೇ ಹೋಗಿ. ನೇರ ಕೆಳಗಿಳಿದರೆ ಐದು ನಿಮಿಷ ಉಳಿಯುತ್ತದೆ, ಮೊಣಕಾಲು ಹೋಗುತ್ತದೆ. ಮುಂದಿನವರಿಗಿಂತ ಐದಾರು ಹೆಜ್ಜೆ ಹಿಂದಿರಿ, ನಿಮ್ಮ ಕಾಲಿಂದ ಉರುಳಿದ ಕಲ್ಲು ಅವರಿಗೆ ಬಡಿಯಬಾರದು.

ಜಾರಿಯೇಬಿಟ್ಟರೆ ಕೈಯನ್ನು ಹಿಂದಕ್ಕೆ ಊರಬೇಡಿ, ಮಣಿಕಟ್ಟು ಮುರಿಯುವುದು ಹಾಗೆಯೇ. ಮೈಯನ್ನು ಗುಡ್ಡದ ಕಡೆಗೆ ವಾಲಿಸಿ, ಪಕ್ಕಕ್ಕೆ ಕುಸಿದು ಕೂತುಬಿಡಿ. ಎದ್ದ ಕೂಡಲೇ ನಡೆಯಬೇಡಿ, ಎರಡು ನಿಮಿಷ ಕೂತು ಪಾದದ ಗಂಟನ್ನು ತಿರುಗಿಸಿ ನೋಡಿ. ಅರ್ಧ ಗಂಟೆಗೊಮ್ಮೆ ನಿಲ್ಲಿ. ತೊಡೆ ನಡುಗಲು ಶುರುವಾದರೆ ಅರ್ಧ ಗಂಟೆಯನ್ನೂ ಕಾಯಬೇಡಿ.

## ದಾರಿ ತಪ್ಪಿದರೆ

ಅಕ್ಟೋಬರ್‌ನಲ್ಲಿ ಊರಿನ ಹೆಂಗಸರು ಚಳಿಗಾಲಕ್ಕೆ ಹುಲ್ಲು ಕೊಯ್ಯಲು ಕಾಡಿಗೆ ಬರುತ್ತಾರೆ. ಅವರ ಕಾಲುದಾರಿ, ದನದ ದಾರಿ ಎಲ್ಲ ಕಡೆ ಕವಲೊಡೆದಿರುತ್ತದೆ. ಮುಖ್ಯ ದಾರಿ ಸವೆದಿರುತ್ತದೆ, ಅಲ್ಲಲ್ಲಿ ಕಲ್ಲು ಹಾಸಿರುತ್ತದೆ. ಹುಲ್ಲಿನ ದಾರಿ ಹೋಗ್ತಾ ಹೋಗ್ತಾ ಸಣ್ಣದಾಗಿ ಇಳಿಜಾರಿನಲ್ಲಿ ಮಾಯವಾಗುತ್ತದೆ. ಹತ್ತು ನಿಮಿಷದಿಂದ ದಾರಿ ಕಿರಿದಾಗುತ್ತಲೇ ಇದ್ದರೆ ಮುಂದೆ ಹೋಗಬೇಡಿ, ಕೊನೆಯ ಕವಲಿಗೆ ವಾಪಸ್ ಬನ್ನಿ. ಕೆಳಗಿಳಿದರೆ ಊರು ಸಿಕ್ಕೇ ಸಿಗುತ್ತದೆ ಅಂತ ಹಳ್ಳ ಹಿಡಿದು ಇಳಿಯುವುದು ಅಪಾಯ. ಹಳ್ಳದ ಕೊನೆಗೆ ಕಡಿದಾದ ಬಂಡೆ ಇರಬಹುದು.

ಕತ್ತಲಾದರೆ ಒಟ್ಟಿಗೆ ಇರಿ, ಎಲ್ಲ ಬಟ್ಟೆ ಹಾಕಿಕೊಳ್ಳಿ, ಬ್ಯಾಗಿನ ಮೇಲೆ ಕೂರಿ. ಮೂರು ಸಲ ಸೀಟಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ನಿಮ್ಮ ಸಿಮ್‌ಗೆ ನೆಟ್‌ವರ್ಕ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ, ಬೇರೆ ಕಂಪನಿಯ ಟವರ್ ಮೂಲಕ ಹೋಗುವ ಸಾಧ್ಯತೆ ಇದೆ.

## ತಕ್ಷಣ ನಿಲ್ಲಬೇಕಾದ ಲಕ್ಷಣಗಳು

ಹಿಮ್ಮಡಿಯಲ್ಲಿ ಬಿಸಿ ಅನ್ನಿಸಿದರೆ ಮುಂದಿನ ಟೀ ಅಂಗಡಿಯವರೆಗೆ ಕಾಯಬೇಡಿ. ಅಲ್ಲೇ ಶೂ ಬಿಚ್ಚಿ ಅಂಟುಪಟ್ಟಿ ಹಾಕಿ. ಬೊಬ್ಬೆ ಎದ್ದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ತಲೆನೋವಿನ ಜೊತೆ ವಾಕರಿಕೆ. 2,500 ಮೀಟರ್‌ಗಿಂತ ಕೆಳಗೆ ಎತ್ತರದ ಕಾಯಿಲೆ ಅಪರೂಪ. ಆದರೂ ನೀರು ಕುಡಿದು, ಕೂತು ಸುಧಾರಿಸಿಕೊಂಡ ಮೇಲೂ ಹೆಚ್ಚುತ್ತಿದ್ದರೆ ಇಳಿಯಿರಿ. ಎದೆನೋವು ಬಂದರೆ ಯೋಚನೆಯೇ ಬೇಡ. ಅವರನ್ನು ನಡೆಸಬೇಡಿ, ಸಹಾಯಕ್ಕೆ ಫೋನ್ ಮಾಡಿ.

ನಡುಗುತ್ತಿದ್ದವರು ನಡುಗುವುದು ನಿಂತು ಮಾತು ತೊದಲಿದರೆ ಚಳಿ ಕಡಿಮೆಯಾಯಿತು ಅಂತಲ್ಲ, ದೇಹ ಸೋಲುತ್ತಿದೆ ಅಂತ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಸುತ್ತಿ, ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಸಿಹಿ ಬಿಸಿ ಪಾನೀಯ ಕೊಡಿ. ರಮ್ ಕೊಟ್ಟರೆ ಬಿಸಿಯಾಗುತ್ತದೆ ಅನ್ನುವವರ ಮಾತು ಕೇಳಬೇಡಿ, ಅದು ಮೈಯ ಶಾಖವನ್ನು ಇನ್ನೂ ಬೇಗ ಕಳೆಯುತ್ತದೆ.

ಲಂಗೂರ್‌ಗಳು ಮರದ ತುದಿಯಿಂದ ಕೆಮ್ಮಿದಂತೆ ಕೂಗುತ್ತಿದ್ದರೆ, ಅಥವಾ ಕಾಕಡ್ ಜಿಂಕೆ ನಾಯಿಯಂತೆ ಬೊಗಳುತ್ತಲೇ ಇದ್ದರೆ, ಹತ್ತಿರ ಚಿರತೆ ಇರಬಹುದು. ಗುಂಪು ಕೂಡಿ, ಜೋರಾಗಿ ಮಾತಾಡುತ್ತ ದಾರಿಯ ಮೇಲೆಯೇ ಸಾಗಿ. ಮಕ್ಕಳನ್ನು ನಡುವೆ ಬಿಟ್ಟುಕೊಳ್ಳಿ, ಓಡಬೇಡಿ.

## ವಾಪಸ್ ಬಂದ ಮೇಲೆ

ಮೊದಲು ಗೇಟಿನಲ್ಲಿ, ಆಮೇಲೆ ಉಳಿದುಕೊಂಡ ಮನೆಯಲ್ಲಿ "ಬಂದೆವು" ಅಂತ ಹೇಳಿ. ಹೇಳದೆ ಸೀದಾ ಪೇಟೆಗೆ ಹೋಗಿ ಮೋಮೋ ತಿನ್ನುತ್ತ ಕೂತರೆ ಅವರು ಕಾಡಿನಲ್ಲಿ ಹುಡುಕುತ್ತಿರುತ್ತಾರೆ.

ಶೂ ಒಳಗಿನ ಹಾಸು ತೆಗೆದು ಒಣಗಿಸಿ, ಬೆಂಕಿಯ ಪಕ್ಕ ಇಡಬೇಡಿ, ಅಡಿ ಬಿಟ್ಟುಕೊಳ್ಳುತ್ತದೆ. ಮರುದಿನ ಸಪಾಟು ರಸ್ತೆಯಲ್ಲಿ ಅರ್ಧ ಗಂಟೆ ನಡೆಯಿರಿ, ಇಡೀ ದಿನ ಮಲಗಿದರೆ ತೊಡೆ ಇನ್ನೂ ಬಿಗಿಯುತ್ತದೆ. ನೋವು ಎರಡನೇ ದಿನ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ, ಅದು ಸಹಜ. ವಾಪಸ್ ರೈಲಿಗೆ ಕೆಳಗಿನ ಬರ್ತ್ ಸಿಗುತ್ತದಾ ನೋಡಿ. ಆ ಎರಡನೇ ದಿನ ಮೇಲಿನ ಬರ್ತಿಗೆ ಹತ್ತುವುದು, ಅದಕ್ಕಿಂತ ಹೆಚ್ಚಾಗಿ ಅಲ್ಲಿಂದ ಇಳಿಯುವುದು, ಬೇಡ.